ಬೇರೆಯವರ ಮನೆಯ ಮಗು

ಇನ್ನೊಬ್ಬಳನ್ನು ಹೊಗಳಿಬಿಟ್ಟರೆ ಮಿಯೆನ್‌ಳ ಕೆಲಸ ಮುಗಿಯುತ್ತಿತ್ತು. ತೊಂಬತ್ತೊಂಬತ್ತು ಹಾಳೆಗಳು ಭರ್ತಿಯಾಗಿ ಚೀಲದಲ್ಲಿದ್ದವು, ನೂರನೆಯದು ಖಾಲಿ. ಆ ಖಾಲಿ ಹಾಳೆಯ ಮೂಲೆಯಲ್ಲಿ ಎರಡು ವಾರದ ಹಿಂದೆ ಅವಳೇ ಪೆನ್ಸಿಲಿನಿಂದ 'ಥೋವಾ' ಎಂದು ಬರೆದು, ಅಳಿಸಿ, ಮತ್ತೆ ಬರೆದಿದ್ದಳು. ಹನೋಯ್ ಊರಿನಲ್ಲಿ ಹದಿನೆಂಟರಿಂದ ಇಪ್ಪತ್ತೈದರೊಳಗಿನ ಹುಡುಗ ಹುಡುಗಿಯರಿಗೇನು ಬರಗಾಲವೇ? ಬಸ್ ನಿಲ್ದಾಣದಲ್ಲಿ ನಿಂತು ಯಾರಿಗಾದರೂ 'ನಿಮ್ಮ ಅಂಗಿ ಚೆನ್ನಾಗಿದೆ' ಎಂದುಬಿಟ್ಟರೆ ಆಗಿಹೋಗುತ್ತಿತ್ತು. ಆದರೆ ಹೊಗಳಿಕೆಗೆ ಜನ ಹೇಗೆ ಉತ್ತರಿಸುತ್ತಾರೆ ಎಂಬ ಅವಳ ಅಧ್ಯಯನಕ್ಕೆ ಮಾರ್ಗದರ್ಶಕಿಯಾಗಿದ್ದ ಲ್ವಾನ್ ಮೇಡಂ ಮೊದಲ ದಿನವೇ ಕಟ್ಟುನಿಟ್ಟು ಮಾಡಿದ್ದರು. ಹೊಗಳುವ ಮಾತು ಒಂದೇ ವಾಕ್ಯದ್ದಿರಬೇಕು, ನಿಜವಾಗಿರಬೇಕು; ಕೇಳಿದವರು ಏನಂದರು, ಮುಖ ಹೇಗಾಯಿತು, ಕೈ ಎಲ್ಲಿ ಹೋಯಿತು, ಎಲ್ಲವನ್ನೂ ಬರೆಯಬೇಕು; ಆಮೇಲೆ ಇದು ಇಂಥ ಅಧ್ಯಯನಕ್ಕೆ ಎಂದು ಹೇಳಿ ಒಪ್ಪಿಗೆ ಪಡೆಯಬೇಕು; ಕೊನೆಯ ಹತ್ತು ಮಂದಿ ಚಿಕ್ಕಂದಿನಿಂದ ಬಲ್ಲವರೇ ಆಗಿರಬೇಕು. ಅಂಥ ಒಂಬತ್ತು ಮಂದಿಯನ್ನು ಅವಳು ಹೇಗೋ ಒಟ್ಟುಮಾಡಿದ್ದಳು. ಹತ್ತನೆಯವರು ಯಾರು ಎಂದು ಯೋಚಿಸಿದಾಗಲೆಲ್ಲ ತಾನು ವಾಸವಿದ್ದ ವಠಾರದ ನೆಲಮಹಡಿಯಲ್ಲಿ ತಲೆ ತೊಳೆಯುವ ಅಂಗಡಿ ಇಟ್ಟಿದ್ದ ಥೋವಾಳ ಮುಖವೇ ಎದುರಿಗೆ ಬರುತ್ತಿತ್ತು, ಬಂದಕೂಡಲೇ ಅವಳು ಬೇರೆ ಯಾವುದಾದರೂ ಕೆಲಸಕ್ಕೆ ಕೈಹಾಕುತ್ತಿದ್ದಳು.

ಹಾಳೆ ತುಂಬಿಸುತ್ತ ಕಳೆದ ಮೂರು ತಿಂಗಳಲ್ಲಿ ಅವಳು ಕಂಡದ್ದು ಅವಳನ್ನು ಬೆರಗುಗೊಳಿಸಿತ್ತು ಎಂದರೆ ಅದು ಸುಳ್ಳಲ್ಲ. ಒಂದು ಒಳ್ಳೆಯ ಮಾತು ಆಡಿದರೆ ಮನುಷ್ಯರು ಕಲ್ಲು ತೂರಿದವರ ಎದುರು ನಿಂತಂತೆ ತಲೆ ಬಗ್ಗಿಸುತ್ತಿದ್ದರು. ಐಸ್ ಚಹಾ ಮಾರುವ ಹುಡುಗಿಗೆ 'ನಿಮ್ಮ ನಗು ಚೆನ್ನಾಗಿದೆ' ಎಂದಾಗ ಅವಳು ತಟ್ಟನೆ ಅಂಗೈಯಿಂದ ಬಾಯಿ ಮುಚ್ಚಿಕೊಂಡು, 'ಅಕ್ಕಾ, ನಿಮಗೆ ಏನು ಬೇಕಿತ್ತು ಹೇಳಿ' ಎಂದಿದ್ದಳು. ಗ್ರಂಥಾಲಯದ ಮೆಟ್ಟಿಲ ಮೇಲೆ ಗಿಟಾರ್ ನುಡಿಸುತ್ತಿದ್ದವನು ಹೊಗಳಿಕೆ ಕೇಳಿದ್ದೇ ತಂತಿ ಸರಿಯಿಲ್ಲ, ಬೆರಳು ಸರಿಯಿಲ್ಲ, ಬೆಳಿಗ್ಗೆಯಿಂದ ತಿಂಡಿ ತಿಂದಿಲ್ಲ ಎಂದು ಮೂರು ದೂರು ಹೇಳಿ, ಅವಳು ಬೆನ್ನು ತಿರುಗಿಸಿ ಹೋದಮೇಲೆ ಮೊದಲಿಗಿಂತ ಜೋರಾಗಿ ನುಡಿಸಿದ್ದ. ಅದೇ ಅಧ್ಯಯನದಲ್ಲಿ ಚೀನೀ ವಿದ್ಯಾರ್ಥಿಗಳ ಭಾಗವನ್ನು ಮಾಡುತ್ತಿದ್ದ ಪೇಶಾನ್ ಚೀನಾದ ನಾನಿಂಗ್‌ನವಳು, ಹಾಸ್ಟೆಲಿನಲ್ಲಿದ್ದುಕೊಂಡೇ ತನ್ನ ನೂರನ್ನೂ ಮುಗಿಸಿದ್ದಳು. 'ನಮ್ಮಲ್ಲಿ ಹೊಗಳಿದೋರಿಗೆ ಎಲ್ಲಿ, ಎಲ್ಲಿ ಅನ್ನೋದು ಮರ್ಯಾದೆ. ನಮ್ಮಜ್ಜಿಗೆ ಏನಾದ್ರೂ ಒಳ್ಳೇದು ಹೇಳಿದ್ರೆ ಸಾಕು, ಎಲ್ಲಿ, ಎಲ್ಲಿ ಅಂತ ಮನೆಯೆಲ್ಲ ಹುಡುಕಿದ ಹಾಗೆ ಮಾಡ್ತಿದ್ಲು' ಎಂದು ಅವಳು ನಗುತ್ತಿದ್ದಳು. 'ನಮ್ಮ ವಯಸ್ಸಿನವರು ಹಾಗಲ್ಲ ಕಣೆ. ಥ್ಯಾಂಕ್ಸ್ ಅಂತಾರೆ, ಇನ್ನೊಂದ್ಸಲ ಹೇಳು ರೆಕಾರ್ಡ್ ಮಾಡ್ಕೋತೀನಿ ಅಂತಾರೆ. ಆದರೆ ಎಷ್ಟು ಜನ ಗೊತ್ತಾ, ಎರಡು ಗಂಟೆ ಬಿಟ್ಟು ಮೆಸೇಜ್ ಮಾಡಿದ್ರು: ಆಗ ಹೇಳಿದ್ದು ನಿಜವಾಗ್ಲೂನಾ? ಅಂತ. ಥ್ಯಾಂಕ್ಸ್ ಅನ್ನೋದು ಕಲಿತಿದೀವಿ, ನಂಬೋದು ಕಲಿತಿಲ್ಲ.' ಪೇಶಾನ್ ಹೀಗೆ ತಮಾಷೆಯಾಗಿ ಹೇಳುತ್ತಿದ್ದಾಗ ಮಿಯೆನ್ ಅದನ್ನು ಬರೆದುಕೊಳ್ಳುವ ನೆಪದಲ್ಲಿ ತಲೆ ಎತ್ತುತ್ತಿರಲಿಲ್ಲ.

ಬೆರಗು ಪಡುವುದು ಬೇರೆಯವರ ವಿಷಯದಲ್ಲಿ ಸುಲಭ. ನಿನ್ನೆ ಮಧ್ಯಾಹ್ನ ಲ್ವಾನ್ ಮೇಡಂ ಕೋಣೆಗೆ ಕರೆದು, ಅವಳು ಬರೆದ ಮೂರು ಅಧ್ಯಾಯಗಳನ್ನು ಮೇಜಿನ ಮೇಲಿಟ್ಟು, 'ಓದಿದೆ. ಚೆನ್ನಾಗಿದೆ. ನಾನಿಂಗ್‌ನಲ್ಲಿ ಎರಡು ವರ್ಷ ಓದೋ ಜಾಗ ಒಂದಿದೆ, ನಿನ್ನ ಹೆಸರು ಕೊಡ್ತೀನಿ' ಎಂದಿದ್ದರು. ಮಿಯೆನ್‌ಳ ಬಾಯಿ ಅವಳನ್ನು ಕೇಳಲೇ ಇಲ್ಲ. 'ಅಯ್ಯೋ, ನಾನೆಲ್ಲಿ ಮೇಡಂ, ನನ್ನ ಚೀನೀ ಭಾಷೆ ಇನ್ನೂ ತೊದಲು' ಎಂದಳು. ಮೇಡಂ ಮತ್ತೆ ಹೇಳಿದರು. 'ಪೇಶಾನ್ ಇಲ್ದಿದ್ರೆ ನಂಗೆ ಏನೂ ಬರ್ತಿರ್ಲಿಲ್ಲ' ಎಂದಳು. ಮೂರನೆಯ ಸಲ ಹೇಳಿದಾಗ, 'ನನಗಿಂತ ಓದಿರೋರು ಇದಾರೆ ಮೇಡಂ' ಎಂದಳು. ಮೂರು ಸಲ ಬೇಡವೆಂದು ನಾಲ್ಕನೆಯ ಸಲಕ್ಕೆ ತಲೆ ತಗ್ಗಿಸಿ ಒಪ್ಪಿಕೊಳ್ಳುವುದು ತಾನೇ ಮರ್ಯಾದೆ. ತಟ್ಟೆಯಲ್ಲಿಟ್ಟ ಕೊನೆಯ ತುಂಡಿಗೂ ಅದೇ ಲೆಕ್ಕ, ಹಬ್ಬದ ಉಡುಗೊರೆಗೂ ಅದೇ. ಆದರೆ ಮೇಡಂ ಕನ್ನಡಕ ತೆಗೆದು ಒರೆಸುತ್ತ ಕೇಳಿದರು: 'ಇದು ಮರ್ಯಾದೆಗೆ ಹೇಳ್ತಿರೋದೋ, ನಿಜವಾಗಿ ಹೇಳ್ತಿರೋದೋ?' ತನಗೆ ಗೊತ್ತಿಲ್ಲ ಎಂಬುದು ಮಿಯೆನ್‌ಗೆ ಆಗ ಗೊತ್ತಾಯಿತು. ಅಷ್ಟು ಜನರ ಉತ್ತರಗಳನ್ನು ಕಾಲಂಗಳಲ್ಲಿ ಹಂಚಿದವಳಿಗೆ ತನ್ನದನ್ನು ಎಲ್ಲಿ ಹಾಕಬೇಕೆಂದು ತೋಚಲಿಲ್ಲ. 'ನಾಳೆ ಸಂಜೆ ಐದರೊಳಗೆ ಹೂಂ ಅಥವಾ ಉಹೂಂ ಅಂತ ಬರೆದು ಕಳಿಸು. ನಾಲ್ಕನೇ ಸಲ ಕೇಳೋಕೆ ನಂಗೆ ಪುರುಸೊತ್ತಿಲ್ಲ' ಎಂದರು ಮೇಡಂ, ಕೋಪವಿಲ್ಲದೆ. ಈಗ ಮಧ್ಯಾಹ್ನ ಎರಡೂವರೆ. ಫೋನಿನಲ್ಲಿ 'ಉಹೂಂ' ಎಂದು ಎರಡು ಸಲ ಬರೆದು ಎರಡು ಸಲವೂ ಅಳಿಸಿದ್ದಳು.

ವಠಾರದ ಬಾಯಿಯಲ್ಲಿ ಸ್ಕೂಟರುಗಳ ನಡುವೆ ದಾರಿ ಮಾಡಿಕೊಂಡು ಒಳಗೆ ಬರುವಾಗ ಅವಳಿಗೆ ಯಾವಾಗಲೂ ಏಳು ವರ್ಷ. ಅಮ್ಮ ಮಾರುವ ಅಂಟಕ್ಕಿ ಅನ್ನದ ಬುಟ್ಟಿಯ ಪಕ್ಕ ಮಣೆಯಷ್ಟು ಎತ್ತರದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತು ಬಾಳೆಯೆಲೆ ಒರೆಸುತ್ತಿದ್ದವಳನ್ನು ಕಂಡು ಗಿರಾಕಿಗಳು ಯಾರಾದರೂ, 'ಮಗಳು ಎಷ್ಟು ಚುರುಕು' ಎಂದರೆ ಅಮ್ಮ ಅನ್ನ ಮಗುಚುವ ಕೈ ನಿಲ್ಲಿಸದೆ, 'ಎಲ್ಲಿಯ ಚುರುಕು! ಸೋಮಾರಿ. ಕೆಳಗಿನ ಮನೆ ಥೋವಾನ ನೋಡಿ, ಅದು ಮಗು ಅಂದ್ರೆ' ಎನ್ನುತ್ತಿದ್ದಳು. ಕ್ಲಾಸಿಗೆ ಎರಡನೆಯವಳಾಗಿ ಬಂದಾಗ, 'ಎರಡನೇದಂತೆ, ಏನು ಮಹಾ' ಎಂದಳು. ಉದ್ದ ಕೂದಲನ್ನು ಹೊಗಳಿದವರಿಗೆ, 'ಕೂದಲು ಬೆಳೆದ ಹಾಗೆ ಬುದ್ಧಿ ಬೆಳೆದಿದ್ರೆ!' ಎಂದಳು. ಹಸುಗೂಸನ್ನು ನೋಡಲು ಬಂದವರು 'ಕದ್ದು ಹೇಳ್ತೀನಿ' ಎಂಬ ಮಾತನ್ನು ಮುಂದಿಟ್ಟುಕೊಳ್ಳದೆ ಚೆಂದವಿದೆ ಎನ್ನುವಂತಿಲ್ಲ, ಏನೋ ಎಲ್ಲೋ ಕೇಳಿಸಿಕೊಂಡು ಕಣ್ಣು ಹಾಕೀತು ಎಂಬ ಅಂಜಿಕೆ ಎಲ್ಲರ ಮನೆಯಲ್ಲೂ ಇದ್ದದ್ದೇ. ಆದರೆ ಕೂಸು ಬೆಳೆದು ಇಪ್ಪತ್ತಮೂರಾದ ಮೇಲೂ ಒಂದೇ ಒಂದು ಸಲ, ಕದ್ದಾದರೂ ಸರಿ, ಹೇಳಬಹುದಿತ್ತು. ಈ ಮಾತನ್ನು ಪೇಶಾನ್‌ಗೆ ಹೇಳಿದಾಗ ಅವಳು ಎದ್ದು ಕುಳಿತು, 'ನಿಮ್ಮಲ್ಲೂ ಇದೆಯಾ ಆ ಪಿಶಾಚಿ? ಬೇರೆಯವರ ಮನೆಯ ಮಗು? ಅಯ್ಯೋ, ನಮ್ಮಲ್ಲಿ ಎಲ್ಲರ ಮನೆಯಲ್ಲೂ ಒಂದಿದೆ. ಊಟ ಚೆಲ್ಲಲ್ಲ, ಕನ್ನಡಕ ಇಲ್ಲ, ಲೆಕ್ಕದಲ್ಲಿ ನೂರಕ್ಕೆ ನೂರು' ಎಂದಿದ್ದಳು. ಮಿಯೆನ್‌ಳ ಪಿಶಾಚಿಗೆ ಹೆಸರೂ ಇತ್ತು, ವಿಳಾಸವೂ ಇತ್ತು, ಮೂರು ಅಂತಸ್ತು ಕೆಳಗೆ. ಹನ್ನೊಂದನೆಯ ವರ್ಷದ ಶರತ್ಕಾಲದ ಹುಣ್ಣಿಮೆಗೆ ವಠಾರದ ಮಕ್ಕಳೆಲ್ಲ ಅಂಗಳದಲ್ಲಿ ಕುಣಿಯುವುದಿತ್ತು. ಕುಣಿತ ಶುರುವಾಗುವ ಮೊದಲು ಅವಳು ಥೋವಾಳ ಎಡಗಾಲಿನ ಕೆಂಪು ಬೂಟನ್ನು ನೀರಿನ ತೊಟ್ಟಿಯ ಹಿಂದೆ ಬಚ್ಚಿಟ್ಟಳು. ಥೋವಾ ಅಳಲಿಲ್ಲ. ಒಂದು ಬೂಟು ಕೈಯಲ್ಲಿ ಹಿಡಿದು ಗೋಡೆಗೆ ಒರಗಿ ಉಳಿದವರು ಕುಣಿಯುವುದನ್ನು ನೋಡುತ್ತ ನಿಂತಳು. ಅವಳ ತಾಯಿ ಹೋಯ್ ದೊಡ್ಡಮ್ಮ ಬೂಟು ಕಳೆದದ್ದಕ್ಕೆ ಮಗಳನ್ನು ಎಲ್ಲರೆದುರಿಗೆ ಬೈದರು. ಆ ಬೈಗುಳ ಕೇಳಿ ಮಿಯೆನ್‌ಗೆ ಆದ ಸಂತೋಷ ಇವತ್ತಿಗೂ ಅವಳ ಹೊಟ್ಟೆಯಲ್ಲಿ ಕರಗದೆ ಕೂತಿತ್ತು.

ಅಂಗಡಿಯ ಗಾಜಿನ ಬಾಗಿಲು ತಳ್ಳಿದಾಗ ಸೀಗೆಕಾಯಿ, ಚಕ್ಕೋತದ ಸಿಪ್ಪೆ, ನಿಂಬೆಹುಲ್ಲು ಕುದ್ದ ವಾಸನೆ ಮುಖಕ್ಕೆ ಬಡಿಯಿತು. ಬೇರೆ ಗಿರಾಕಿ ಇರಲಿಲ್ಲ. ಥೋವಾ ಟವೆಲುಗಳನ್ನು ಮಡಚುತ್ತಿದ್ದಳು. 'ಓಹೋ, ದೊಡ್ಡ ಮನುಷ್ಯರು!' ಎಂದಳು. 'ದಾರಿ ತಪ್ಪಿ ಬಂದ್ಯಾ?'

'ತಲೆ ತೊಳೆಸ್ಕೊಳ್ಳೋಣ ಅಂತ.'

'ಮನೇಲಿ ನೀರು ಬರಲ್ವಾ? ಮಲ್ಕೋ, ಮಲ್ಕೋ. ಚೀಲ ಆ ಕಡೆ ಇಡು, ಒದ್ದೆಯಾಗುತ್ತೆ. ಏನಿದೆ ಅದರಲ್ಲಿ, ಇಟ್ಟಿಗೆನಾ?'

'ಹಾಳೆಗಳು.'

'ನಿನ್ನ ಚೀಲದಲ್ಲಿ ಇನ್ನೇನಿರುತ್ತೆ' ಎಂದು ಥೋವಾ ಅವಳನ್ನು ಉದ್ದನೆಯ ಬೆಂಚಿನ ಮೇಲೆ ಮಲಗಿಸಿ, ಕುತ್ತಿಗೆಯ ಕೆಳಗೆ ಟವೆಲು ಸರಿಪಡಿಸಿ, ಕೂದಲನ್ನು ತೊಟ್ಟಿಯೊಳಗೆ ಇಳಿಬಿಟ್ಟಳು. ಮಲಗಿದವರಿಗೆ ಅಲ್ಲಿ ಕಾಣುವುದು ಚಾವಣಿ ಮಾತ್ರ, ಅದರ ಮೂಲೆಯಲ್ಲಿ ತಿರುಗುವ ಚಿಕ್ಕ ಫ್ಯಾನು. ಬೆಚ್ಚಗಿನ ನೀರು ಹಣೆಯ ಅಂಚಿಗೆ ಬಿದ್ದಾಗ ಮಿಯೆನ್ ಕಣ್ಣು ಮುಚ್ಚಿದಳು. ಬೆರಳುಗಳು ಕಿವಿಯ ಹಿಂದಿನಿಂದ ಶುರುವಾಗಿ, ನೆತ್ತಿಗೆ ಏರಿ, ಕುತ್ತಿಗೆಯ ಗುಳಿಯಲ್ಲಿ ಇಳಿದು, ಅಲ್ಲಿ ಎಷ್ಟು ದಿನದಿಂದಲೋ ಗಂಟುಬಿದ್ದಿದ್ದ ನರವೊಂದನ್ನು ತಾವೇ ಹುಡುಕಿಕೊಂಡು ನಿಂತವು. ಯಾರೂ ಹೇಳದೆ ಆ ಬೆರಳುಗಳಿಗೆ ಅದು ಹೇಗೆ ಗೊತ್ತಾಯಿತು? ಮಿಯೆನ್ ಬರುವ ದಾರಿಯಲ್ಲಿ ಸಿದ್ಧಮಾಡಿಕೊಂಡಿದ್ದ ವಾಕ್ಯ ಬೇರೆಯೇ ಆಗಿತ್ತು, ಅಂಗಡಿ ಅಚ್ಚುಕಟ್ಟಾಗಿದೆ ಎಂದೇನೋ. ಅದು ನಿಜವೇ, ಆದರೆ ಯಾರು ಬೇಕಾದರೂ ಹೇಳಬಹುದಾದ ನಿಜ. ಈಗ ಅವಳ ಗಂಟಲಲ್ಲಿ ಬೇರೆ ಮಾತು ಬಂದು ನಿಂತಿತು. ಅದನ್ನು ಹೇಳಲು ಯಾಕಿಷ್ಟು ಕಷ್ಟ ಎಂದು ಅವಳಿಗೇ ನಾಚಿಕೆಯಾಯಿತು. ಥೋವಾಳನ್ನು ಹೊಗಳುವುದೆಂದರೆ ಅಮ್ಮ ಹೇಳುತ್ತಿದ್ದುದೇ ಸರಿ ಎಂದು ಒಪ್ಪಿಕೊಂಡಂತೆ. ಒಪ್ಪಿಕೊಂಡರೆ ತಾನು ತಕ್ಕವಳಲ್ಲ, ಮೇಡಂಗೆ ಬರೆಯಬೇಕಾದ ಉತ್ತರವೂ 'ಉಹೂಂ' ಎಂದೇ ಆಗಿಹೋದಂತೆ.

'ಥೋವಾ' ಎಂದಳು ಕಣ್ಣು ಬಿಡದೆ. 'ನಿನ್ನ ಕೈಯಲ್ಲಿ ಏನೋ ಇದೆ ಕಣೆ, ಇಂಥ ಕೈ ನಾನು ಎಲ್ಲೂ ನೋಡಿಲ್ಲ.'

ಬೆರಳುಗಳು ನಿಂತವು. ತೊಟ್ಟಿಯಲ್ಲಿ ನೀರು ಹನಿಯುವುದು ಕೇಳಿಸಿತು. ಮಿಯೆನ್ ಕಣ್ಣು ಬಿಟ್ಟಾಗ ಥೋವಾಳ ಮುಖ ತಲೆಕೆಳಗಾಗಿ ಅವಳ ಮೇಲೆ ಬಾಗಿತ್ತು, ಕಣ್ಣುಗಳು ಕಿರಿದಾಗಿದ್ದವು.

'ಅಣಕಿಸ್ತಿದೀಯಾ?'

'ಏನು?'

'ಅಣಕಿಸೋಕೆ ಬಂದ್ಯಾ ಅಂದೆ. ತಲೆ ತೊಳೆಯೋ ಕೈ ಚೆನ್ನಾಗಿದೆ ಅಂತ ಹೇಳೋಕೆ ನೀನೇ ಆಗ್ಬೇಕಿತ್ತಾ?'

ಮಿಯೆನ್ ತೊಂಬತ್ತೊಂಬತ್ತು ಉತ್ತರಗಳನ್ನು ಕೇಳಿದವಳು, ಇದು ಯಾವುದರಲ್ಲೂ ಇರಲಿಲ್ಲ. ನೊರೆ ಕಿವಿಯೊಳಗೆ ಇಳಿಯುತ್ತಿತ್ತು. ಎದ್ದು ಕೂರಲು ಹೋದಳು, ಥೋವಾ ಹಣೆಯ ಮೇಲೆ ಅಂಗೈಯಿಟ್ಟು ಮತ್ತೆ ಮಲಗಿಸಿದಳು, 'ನೊರೆ ಕಣ್ಣಿಗೆ ಹೋಗುತ್ತೆ, ಸುಮ್ನಿರು.' ಸಿಟ್ಟು ಬಂದಿದ್ದರೂ ಕಣ್ಣಿಗೆ ನೊರೆ ಹೋಗಬಾರದೆಂಬ ಆ ಎಚ್ಚರ ಮಿಯೆನ್‌ಳನ್ನು ಇನ್ನಷ್ಟು ಕುಗ್ಗಿಸಿತು. ಆಗಲೇ ಹೇಳಿಬಿಡಬೇಕು, ಈಗ ಹೇಳದಿದ್ದರೆ ಕಳ್ಳತನವಾಗುತ್ತದೆ ಎನ್ನಿಸಿ, ಮಲಗಿದಲ್ಲಿಂದಲೇ ಫ್ಯಾನಿಗೆ ಹೇಳುವವಳ ಹಾಗೆ ಎಲ್ಲವನ್ನೂ ಹೇಳಿದಳು: ಅಧ್ಯಯನ, ನೂರು ಹಾಳೆ, ಚಿಕ್ಕಂದಿನಿಂದ ಬಲ್ಲ ಹತ್ತು ಮಂದಿ, ಪೆನ್ಸಿಲಿನಿಂದ ಬರೆದ ಹೆಸರು. ಹೇಳುತ್ತ ಹೇಳುತ್ತ ಅದು ಎಷ್ಟು ಕೀಳಾಗಿ ಕೇಳಿಸುತ್ತಿದೆ ಎಂದು ಅವಳಿಗೇ ಹೇಸಿಗೆಯಾಯಿತು.

'ಅಂದ್ರೆ ಪರೀಕ್ಷೆಗೆ ಹೇಳಿದ್ದು' ಎಂದಳು ಥೋವಾ. ಅವಳ ದನಿಯಲ್ಲಿ ಸಿಟ್ಟು ಹೋಗಿ ಇನ್ನೇನೋ ಬಂದಿತ್ತು. 'ನಿಜವಾಗಿ ಹೇಳಿದ್ದಲ್ಲ.'

'ಪರೀಕ್ಷೆಗೇ ಬಂದದ್ದು. ಹೇಳಿದ್ದು ಮಾತ್ರ ನಿಜ.'

'ಯಾವ ಕಾಲಂಗೆ ಹಾಕ್ತೀಯ ನನ್ನ?'

'ಗೊತ್ತಿಲ್ಲ. ನೀನು ಹೇಳಿದ್ದಕ್ಕೆ ಕಾಲಂ ಇಲ್ಲ.'

ಥೋವಾ ಜೋರಾಗಿ ನಕ್ಕುಬಿಟ್ಟಳು. ಆಮೇಲೆ ಬೆರಳುಗಳು ಮತ್ತೆ ಚಲಿಸತೊಡಗಿದವು, ಮೊದಲಿಗಿಂತ ನಿಧಾನವಾಗಿ. 'ಹಾಗಾದ್ರೆ ಹೇಳ್ತೀನಿ ಕೇಳು, ಬರ್ಕೋಬೇಕಂದ್ರೆ ಬರ್ಕೋ' ಎಂದಳು. 'ನಮ್ಮನೇಲಿ ಉಪ್ಪಿಲ್ದೆ ಒಂದಿನ ಊಟ ಆದೀತು, ನಿನ್ನ ಹೆಸರಿಲ್ದೆ ಆಗ್ತಿರ್ಲಿಲ್ಲ. ನಾನು ತಡವಾಗಿ ಎದ್ರೆ, ಮೇಲಿನ ಮನೆ ಮಿಯೆನ್ ಎದ್ದು ಓದ್ತಿದಾಳೆ. ನಾನು ಕನ್ನಡಿ ನೋಡ್ಕೊಂಡ್ರೆ, ಮಿಯೆನ್‌ಗೆ ಕನ್ನಡಿ ನೋಡೋಕೆ ಪುರುಸೊತ್ತೆಲ್ಲಿ. ಯಾರಾದ್ರೂ ಬಂದು ನನ್ನ ಹೊಗಳಿದ್ರೆ ಸಾಕು, ಅಯ್ಯೋ ಇವಳೆಂಥದು, ಮಿಯೆನ್‌ನ ನೋಡ್ಬೇಕು ನೀವು. ಕಾಲೇಜು ಪರೀಕ್ಷೆಲಿ ನಾನು ಫೇಲಾದ ದಿನ ನಮ್ಮಮ್ಮ ಒಂದು ಮಾತೂ ಬೈಲಿಲ್ಲ ಗೊತ್ತಾ, ಮೆಟ್ಟಿಲಿಂದ ನಿನ್ನ ಸ್ಯಾಂಡಲ್ ಸದ್ದು ಬಂತು, ಚಾವಣಿ ನೋಡಿದ್ಲು ಅಷ್ಟೇ. ಆರನೇ ಕ್ಲಾಸಲ್ಲಿ ನಿನ್ನ ಚಿತ್ರದ ಪುಸ್ತಕದ ಮೇಲೆ ಶಾಯಿ ಚೆಲ್ಲಿದ್ದು ಯಾರು ಅನ್ಕೊಂಡಿದೀಯ? ಬೆಕ್ಕಾ? ನಮ್ಮ ವಠಾರದ ಬೆಕ್ಕಿಗೆ ಬಾಟ್ಲಿ ಮುಚ್ಚಳ ತೆಗೆಯೋಕೆ ಬರ್ತಿತ್ತಾ?'

ಕೆಂಪು ಬೂಟಿನ ಮಾತನ್ನು ಮಿಯೆನ್ ಆಗ ಹೇಳಬೇಕಿತ್ತು, ನಾಲಿಗೆ ಏಳಲಿಲ್ಲ. ಅವಳು ಅದನ್ನು ಆಮೇಲೂ ಹೇಳಲಿಲ್ಲ. ಅವಳ ತಲೆಯೊಳಗೆ ಬೇರೇನೋ ನಡೆಯುತ್ತಿತ್ತು. ತಾನು ಕುಳಿತು ಅಳುತ್ತಿದ್ದ, ತಾನು ಸೋಮಾರಿಯಾಗಿದ್ದ, ಎರಡನೆಯವಳಾಗಿ ಬಂದು ಏನೂ ಅಲ್ಲದವಳಾಗಿದ್ದ ಅದೇ ವರ್ಷಗಳಲ್ಲಿ ಮೂರು ಅಂತಸ್ತು ಕೆಳಗೆ ಇನ್ನೊಬ್ಬ ಮಿಯೆನ್ ಬೆಳೆಯುತ್ತಿದ್ದಳು, ಬೇಗ ಏಳುವವಳು, ಊಟ ಚೆಲ್ಲದವಳು, ಒಂದು ಹುಡುಗಿಯ ನಿದ್ದೆ ಕೆಡಿಸುವಷ್ಟು ಚೆನ್ನಾದವಳು. ಹಾಗೆಯೇ ಮೇಲಿನ ಮನೆಯಲ್ಲಿ ಒಬ್ಬ ಥೋವಾ. ಇಬ್ಬರೂ ಪಕ್ಕಪಕ್ಕದಲ್ಲಿ ಮೆಟ್ಟಿಲು ಹತ್ತಿ ಇಳಿದು, ಒಬ್ಬರನ್ನೊಬ್ಬರು ಕಂಡು ಹಲ್ಲು ಕಚ್ಚಿ, ತಮಗಿಂತ ಒಳ್ಳೆಯವಳು ಹೋಗುತ್ತಿದ್ದಾಳೆ ಎಂದುಕೊಂಡಿದ್ದರು. ಇಪ್ಪತ್ತು ವರ್ಷ.

'ಎಲ್ಲಕ್ಕಿಂತ ನಂಗೆ ಸಾಕಾಗಿ ಹೋಗಿದ್ದು ಆ ಹೆಸರುಬೇಳೆ ಕತೆ' ಎಂದಳು ಥೋವಾ, ಕೂದಲಿನ ತುದಿಗಳನ್ನು ಅಂಗೈಯಲ್ಲಿ ತಿಕ್ಕುತ್ತ.

'ಯಾವ ಕತೆ?'

'ನಾಟಕ ಮಾಡ್ಬೇಡ. ನಿಮ್ಮಮ್ಮನಿಗೆ ಅಂಟಕ್ಕಿ ಹಬೆ ತಗಲಿ ಕೈ ಸುಟ್ಟಿತ್ತಲ್ಲ. ನೀನು ಹತ್ತು ವರ್ಷದವಳು. ಒಂದು ವಾರ ಪೂರ್ತಿ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಅನ್ನಕ್ಕೆ ಹಾಕೋ ಬೇಳೆ ತೊಳೆದು ಸಿಪ್ಪೆ ತೆಗೆದು ಇಡ್ತಿದ್ಯಂತೆ. ಅಮ್ಮ ಕೇಳಿದ್ರೆ, ನಿದ್ದೆ ಬರ್ಲಿಲ್ಲ ಅದಕ್ಕೆ ಅಂತಿದ್ಯಂತೆ. ಪ್ರತಿ ಪರೀಕ್ಷೆಗೆ ಮುಂಚೆ ನಮ್ಮಮ್ಮ ಈ ಕತೆ ಹೇಳೋಳು. ನಿಮ್ಮಮ್ಮ ಮಲಗಿದ ಹಾಗೆ ನಟಿಸಿ ಸೊಳ್ಳೆಪರದೆಯೊಳಗಿಂದ ನೋಡ್ತಿದ್ರಂತೆ, ನೀನು ತೂಕಡಿಸಿ ತೂಕಡಿಸಿ ಬೇಳೆ ಪಾತ್ರೆಗೆ ಮೂಗು ತಾಗಿಸ್ತಿದ್ಯಂತೆ. ಆ ಮಗು ನಂಗೆ ಹೇಗೆ ಹುಟ್ಟಿತೋ ಗೊತ್ತಿಲ್ಲ, ನಾನು ಅದಕ್ಕೆ ತಕ್ಕವಳಲ್ಲ ಅಂತ ನಿಮ್ಮಮ್ಮ ನಮ್ಮ ಅಡುಗೆಮನೇಲಿ ಕೂತು ಅತ್ರಂತೆ. ಅದನ್ನ ಹೇಳುವಾಗ ನಮ್ಮಮ್ಮನೂ ಪ್ರತಿ ಸಲ ಅಳೋಳು. ನಾನು ಪುಸ್ತಕ ಮುಚ್ಚಿ ಎದ್ದು ಹೋಗ್ತಿದ್ದೆ.'

ನೀರು ನಿಂತಿತು. ಥೋವಾ ಟವೆಲು ಸುತ್ತಿ ಅವಳನ್ನು ಎಬ್ಬಿಸಿ ಕೂರಿಸಿದಳು. ಮಿಯೆನ್‌ಗೆ ಕನ್ನಡಿಯಲ್ಲಿ ಕಂಡ ಮುಖ ತನ್ನದೆಂದು ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ಆ ವಾರ ಅವಳಿಗೆ ನೆನಪಿತ್ತು. ಅಂದು ಮನೆಯಲ್ಲಿ ಇದ್ದವರು ಇಬ್ಬರೇ, ಅಮ್ಮ ಮತ್ತು ಅವಳು. ಏಳನೆಯ ಬೆಳಿಗ್ಗೆ ಅಮ್ಮ ಎದ್ದು ಕೂತು, ಪಾತ್ರೆಗೆ ಕೈ ಹಾಕಿ ನೋಡಿ, 'ಸಿಪ್ಪೆ ಉಳಿದಿದೆ. ಮಾಡೋದಾದ್ರೆ ಸರಿಯಾಗಿ ಮಾಡ್ಬೇಕು' ಎಂದಷ್ಟೇ ಹೇಳಿ, ಬ್ಯಾಂಡೇಜು ಬಿಚ್ಚಿದ ಕೈಯಿಂದ ತಾನೇ ತೊಳೆಯಲು ಕುಳಿತಿದ್ದಳು. ಹಾಗಾದರೆ ಕತೆ ಕೆಳಗಿನ ಮನೆಗೆ ಹೋದದ್ದು ಒಂದೇ ಬಾಯಿಂದ. ಸೊಳ್ಳೆಪರದೆಯೊಳಗಿನ ಕಣ್ಣುಗಳು. ಬೆಳಗಿನ ಜಾವ ನಾಲ್ಕು ಗಂಟೆಗೆ ನಿದ್ದೆಗಣ್ಣಿನ ಒಂದು ಮಗುವನ್ನು, ತನ್ನನ್ನು, ಯಾರೋ ಅಷ್ಟು ಹೊತ್ತು ಉಸಿರು ಬಿಗಿಹಿಡಿದು ನೋಡಿದ್ದರು. ಅಮ್ಮ ಎಂಥವಳು! ಹೊಟ್ಟೆಯಲ್ಲಿದ್ದುದನ್ನು ಒಂದಿಷ್ಟೂ ಉಳಿಸಿಕೊಳ್ಳದೆ ಎಲ್ಲವನ್ನೂ ಹೊತ್ತು ತಂದು ಇಲ್ಲಿ ಸುರಿದಿದ್ದಾಳೆ, ಮಗಳ ಕಿವಿಗೆ ಬೀಳದ ಜಾಗ ನೋಡಿ. ಯಾವ ಕಣ್ಣಿನ ಹೆದರಿಕೆಯೋ, ಎಂಥ ಹೆದರಿಕೆಯೋ.

'ನಿಮ್ಮಮ್ಮನೂ' ಎಂದಳು ಮಿಯೆನ್. 'ನಿಮ್ಮಮ್ಮನೂ ನಮ್ಮಮ್ಮನ ಹತ್ರ ಹೇಳಿರ್ಬೇಕು. ನಂಗೆ ಗೊತ್ತಿರೋ ಥೋವಾ ಕತೆಗಳಿವೆ. ಸಾಯೋಕಿದ್ದ ಅಜ್ಜಿಗೆ ನೀನು ದಿನಾ ತಲೆ ತೊಳೀತಿದ್ದೆ. ಅಜ್ಜಿ ಸೊಸೆ ಕೈಲಿ ತೊಳೆಸ್ಕೊಳ್ತಿರ್ಲಿಲ್ಲ, ನಿನ್ನ ಬಿಟ್ಟು ಯಾರಿಗೂ ಮುಟ್ಟಗೊಡ್ತಿರ್ಲಿಲ್ಲ. ಆ ಹುಡುಗಿ ಕೈಯಲ್ಲಿ ಔಷಧಿ ಇದೆ ಅಂತ ಅಮ್ಮ ನನ್ನ ಬೈಯುವಾಗ ಹೇಳ್ತಿದ್ಲು.'

ಥೋವಾ ಬಾಚಣಿಗೆ ಹಿಡಿದು ನಿಂತಿದ್ದಳು. 'ಅಜ್ಜಿ ವಿಷಯ ಯಾರಿಗೂ ಗೊತ್ತಿಲ್ಲ' ಎಂದಳು. 'ಅಮ್ಮ ಒಂದಿನವೂ ಅದರ ಬಗ್ಗೆ ಮಾತೆತ್ತಲಿಲ್ಲ.' ಆಮೇಲೆ ಬಹಳ ಮೆತ್ತಗೆ, ಕನ್ನಡಿಯಲ್ಲಿನ ಮಿಯೆನ್‌ಳನ್ನು ನೋಡದೆ, 'ಔಷಧಿ ಅಂತ ನಮ್ಮಮ್ಮ ಅಂದ್ಳಾ?' ಎಂದು ಕೇಳಿದಳು.

'ಔಷಧಿ ಅಂತಲೇ.'

ಥೋವಾ ತಲೆಯಾಡಿಸಿದಳು. ಕೂದಲು ಒಣಗಿಸುವ ಯಂತ್ರ ಹಚ್ಚಿದ್ದರಿಂದ ಮುಂದೆ ಮಾತು ಸಾಧ್ಯವಿರಲಿಲ್ಲ. ಹೊರಡುವಾಗ ಹಾಳೆಗೆ ಸಹಿ ಹಾಕಿಕೊಟ್ಟು, 'ನನ್ನ ಉತ್ತರ ಬದಲಾಯಿಸಬಹುದಾ?' ಎಂದಳು. ಬದಲಾಯಿಸುವಂತಿಲ್ಲ ಎಂದಳು ಮಿಯೆನ್. 'ಹೋಗ್ಲಿ ಬಿಡು. ನಿನ್ನ ಬಾಯಲ್ಲಿ ಕೇಳಿದ್ದಾಯ್ತಲ್ಲ' ಎಂದು ಥೋವಾ ಅವಳನ್ನು ಬಾಗಿಲ ಹೊರಗೆ ತಳ್ಳಿದಳು.

ಮೆಟ್ಟಿಲು ಹತ್ತುವಾಗ ನಾಲ್ಕು ಗಂಟೆ ಹತ್ತು ನಿಮಿಷ. ಅಮ್ಮ ನೆಲದ ಮೇಲೆ ಕುಕ್ಕರುಗಾಲಲ್ಲಿ ಕುಳಿತು ನಾಳೆಯ ಅಂಟಕ್ಕಿಯನ್ನು ಕೇರುತ್ತಿದ್ದಳು. ಬೆನ್ನು ಗೂನಾಗಿತ್ತು, ಕಾಲಿನ ಹಿಮ್ಮಡಿ ಒಡೆದಿತ್ತು. ಈ ಹೆಂಗಸನ್ನು ತಾನು ಇಪ್ಪತ್ತಮೂರು ವರ್ಷ ನೋಡಿಯೇ ಇಲ್ಲ ಎನ್ನಿಸಿ ಮಿಯೆನ್ ಹೊಸ್ತಿಲಲ್ಲೇ ನಿಂತಳು. ಅಮ್ಮನನ್ನು ಕೇಳಿಬಿಡಬಹುದಿತ್ತು, ಹೆಸರುಬೇಳೆ ಕತೆ ಹೇಳಿದ್ದು ಹೌದಾ ಎಂದು. ಕೇಳಿದರೆ ಅಮ್ಮ, 'ಯಾರು ಹೇಳಿದ್ದು? ಹೋಯ್‌ಗೆ ಬುದ್ಧಿ ಇಲ್ಲ' ಎನ್ನುತ್ತಾಳೆ, ಅಷ್ಟು ವರ್ಷ ಕಾಪಾಡಿದ್ದು ಒಂದೇ ಮಾತಿಗೆ ಒಡೆದುಹೋಗುತ್ತದೆ. ಅವಳು ಅದನ್ನು ಕೇಳಲಿಲ್ಲ. ಬದಲು ಬೇರೆ ಮಾತು ಹೇಳಿದಳು.

'ಅಮ್ಮಾ, ನಮ್ಮ ಮೇಡಂ ನನ್ನ ಕೆಲಸ ಚೆನ್ನಾಗಿದೆ ಅಂದ್ರು. ನಾನಿಂಗ್‌ಗೆ ಎರಡು ವರ್ಷ ಕಳಿಸ್ತಾರಂತೆ. ಒಬ್ಬರನ್ನೇ. ನನ್ನನ್ನ.'

ಮೊರ ನಿಲ್ಲಲಿಲ್ಲ. 'ನಿನ್ನನ್ನಾ? ಬೇರೆ ಯಾರೂ ಸಿಗಲಿಲ್ವಂತಾ ಅವರಿಗೆ?'

'ಸಿಗಲಿಲ್ವಂತೆ.'

'ಒಂದು ಮೊಟ್ಟೆ ಸರಿಯಾಗಿ ಬೇಯಿಸೋಕೆ ಬರಲ್ಲ. ಅಲ್ಲಿ ಹೋಗಿ ಏನು ತಿಂತೀಯಂತೆ?' ಎಂದಳು ಅಮ್ಮ. ಆ ಮಾತು ಎಂದಿನಂತೆ ಬಂದು ಬಿತ್ತು, ಎಂದೂ ಬೀಳುತ್ತಿದ್ದ ಜಾಗದಲ್ಲೇ; ಆದರೆ ಇವತ್ತು ಮಿಯೆನ್ ಅಮ್ಮನ ಕೈ ನೋಡುತ್ತಿದ್ದಳು. ಮೊರದಲ್ಲಿ ಅಕ್ಕಿ ಹಾರುತ್ತಿತ್ತು, ಹಾರಿದ್ದು ಮೊರಕ್ಕೆ ಬೀಳದೆ ನೆಲಕ್ಕೆ ಬೀಳುತ್ತಿತ್ತು, ಅಮ್ಮನಿಗೆ ಅದು ಕಾಣುತ್ತಲೇ ಇರಲಿಲ್ಲ. ಮೂವತ್ತು ವರ್ಷದಿಂದ ಒಂದು ಕಾಳೂ ಚೆಲ್ಲದ ಕೈ ಅದು. ಆಮೇಲೆ ಅಮ್ಮ ಮೊರ ಕೆಳಗಿಟ್ಟು, ಎದ್ದು, ಅಡುಗೆಮನೆಗೆ ಹೋಗಿ ನೀಲಿ ಹೂವಿನ ಪಿಂಗಾಣಿ ಬಟ್ಟಲೊಂದನ್ನು ತೆಗೆದುಕೊಂಡು ಬಂದಳು. 'ಹೋಯ್ ಮನೆ ಬಟ್ಟಲು ಇಲ್ಲೇ ಉಳಿದಿದೆ. ಕೊಟ್ಟು ಬರ್ತೀನಿ' ಎಂದಳು, ಮಗಳ ಮುಖ ನೋಡದೆ, ಅವಳನ್ನು ಸರಿಸಿಕೊಂಡು ಬಾಗಿಲು ದಾಟಿದಳು. ಚಪ್ಪಲಿ ಹಾಕಿಕೊಳ್ಳಲಿಲ್ಲ. ಮಂಡಿನೋವೆಂದು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದವಳ ಕಾಲಿನ ಸದ್ದು ದಡದಡನೆ ಕೆಳಗೆ ಹೋಯಿತು.

ಮಿಯೆನ್ ಕಟಕಟೆ ಹಿಡಿದು ನಿಂತಳು. ಕೆಳಗೆ ಕದ ತಟ್ಟಿದ ಸದ್ದು, ತೆರೆದ ಸದ್ದು, ಆಮೇಲೆ ಮೆಟ್ಟಿಲ ಬಾವಿಯೊಳಗಿಂದ ಒಂದು ದನಿ ಏರಿ ಬಂತು: 'ಹೋಯ್, ಏ ಹೋಯ್, ನಮ್ಮ ಮಿಯೆನ್...' ಆ ದನಿ ಅಮ್ಮನದೆಂದು ತಿಳಿಯಲು ಅವಳಿಗೆ ಅರೆಗಳಿಗೆ ಹಿಡಿಯಿತು. ಹದಿನಾರರ ಹುಡುಗಿಯ ದನಿಯಾಗಿತ್ತು ಅದು, ಏದುಸಿರು ಬಿಡುತ್ತಿತ್ತು, ನಗುತ್ತಿತ್ತು, ಮತ್ತು ತನ್ನ ಹೆಸರನ್ನು ಯಾರೂ ಎಂದೂ ಹಾಗೆ ಕರೆದಿರಲಿಲ್ಲ. ಇನ್ನೊಂದು ಗಳಿಗೆ ನಿಂತಿದ್ದರೆ ಉಳಿದದ್ದೆಲ್ಲ ಕೇಳಿಸುತ್ತಿತ್ತು. ಅವಳಿಗೆ ಹಸಿವಾದವರ ಹಾಗೆ ಕೇಳಬೇಕೆನ್ನಿಸಿತು. ಆದರೆ ಅದು ಅವಳಿಗೆ ಕೇಳಿಸಲೆಂದು ಆಡಿದ್ದಲ್ಲ. ಅವಳು ಹಿಂದೆ ಸರಿದು ಒಳಗೆ ಬಂದು ಸದ್ದಾಗದಂತೆ ಬಾಗಿಲು ಹಾಕಿದಳು. ಫೋನು ತೆಗೆದು, 'ಹೂಂ ಮೇಡಂ, ಹೋಗ್ತೀನಿ. ಓದಿ ಚೆನ್ನಾಗಿದೆ ಅಂದಿದ್ದಕ್ಕೆ ಥ್ಯಾಂಕ್ಸ್' ಎಂದು ಬರೆದು, ಒಂದಕ್ಷರವನ್ನೂ ಅಳಿಸದೆ ಕಳಿಸಿದಳು. ಮರುಕ್ಷಣವೇ ಉತ್ತರ ಬಂತು: 'ಸರಿ. ಎರಡನೇ ಅಧ್ಯಾಯದ ಕೋಷ್ಟಕಗಳನ್ನ ಇನ್ನೊಂದ್ಸಲ ನೋಡು.' ಮಿಯೆನ್ ನೆಲಕ್ಕೆ ಕುಳಿತು, ಚೆಲ್ಲಿದ್ದ ಅಂಟಕ್ಕಿಯನ್ನು ಒಂದೊಂದೇ ಕಾಳು ಆರಿಸತೊಡಗಿದಳು.

ಅರ್ಧ ಗಂಟೆಯಾದ ಮೇಲೆ ಅಮ್ಮ ಮೇಲೆ ಬಂದಳು. ಕಣ್ಣು ಕೆಂಪಗಿದ್ದವು, ಮುಖ ಎಂದಿನಂತೆ ಗಡುಸಾಗಿತ್ತು. 'ಇನ್ನೂ ಇಷ್ಟೇ ಆರಿಸಿದ್ಯಾ? ಕತ್ತಲಾಗೋದ್ರೊಳಗೆ ನೆನೆಹಾಕ್ಬೇಕು' ಎಂದಳು.

'ಬಟ್ಟಲು ಕೊಟ್ಯಾ ಅಮ್ಮ?'

'ಕೊಟ್ಟೆ' ಎಂದಳು ಅಮ್ಮ, ಬಟ್ಟಲನ್ನು ಕೈಯಲ್ಲಿ ಹಿಡಿದುಕೊಂಡೇ. ಮಿಯೆನ್ ತಲೆ ಬಗ್ಗಿಸಿ ಅಕ್ಕಿ ಆರಿಸಿದಳು.